ಓದುಗರ ಪ್ರಶ್ನೆಗೆ ಉತ್ತರ: ಎಸ್‌ಎಸ್‌ಡಿಯ ವೇಗ ಅಳೆಯುವ ಮುನ್ನ ಮಾಡಬೇಕಾದ ಸಿದ್ಧತೆ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಈ ಸಲ ಒಂದೇ ವಿಷಯದ ಸುತ್ತ, ಅಂದರೆ ತಿರುಗುವ ತಟ್ಟೆಯ ಬದಲು ಫ್ಲ್ಯಾಶ್ ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಡ್ರೈವ್‌ಗಳ ವೇಗ ಅಳೆಯುವುದರ ಸುತ್ತ, ಸುತ್ತುವ ಆರು ಪ್ರಶ್ನೆಗಳಿದ್ದವು. ಅವನ್ನು ಬಿಡಿಬಿಡಿಯಾಗಿ ಹಲವು ಸಂಚಿಕೆಗಳಿಗೆ ಹಂಚುವುದಕ್ಕಿಂತ ಒಟ್ಟಿಗೆ ಉತ್ತರಿಸುವುದು ಒಳ್ಳೆಯದೆನಿಸಿತು. ಮೊದಲ ಉತ್ತರ ದೀರ್ಘವಾಗಿದೆ. ಉಳಿದವು ಅದರ ಮೇಲೆಯೇ ನಿಂತಿರುವುದರಿಂದ ಅದನ್ನು ಬಿಟ್ಟು ಮುಂದೆ ಹೋಗಬೇಡಿರೆಂದು ವಿನಂತಿ.

ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಕಂಪ್ಯೂಟರ್ ಮಾರಾಟ ಮತ್ತು ರಿಪೇರಿಯ ಅಂಗಡಿ ನಡೆಸುತ್ತಿದ್ದೇನೆ. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು 480 ಜಿಬಿ ಸಾಟಾ (ಹಾರ್ಡ್ ಡಿಸ್ಕಿನಂಥದೇ ಪೋರ್ಟಿಗೆ ಜೋಡಿಸುವ) ಎಸ್‌ಎಸ್‌ಡಿಗಳನ್ನು ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಎಂಬ ವೇಗ ಅಳೆಯುವ ತಂತ್ರಾಂಶದಿಂದ ಅಳೆದೆ. ಈಗತಾನೆ ಪೊಟ್ಟಣ ಒಡೆದ ಡ್ರೈವ್ ಬರೆಯುವುದರಲ್ಲಿ ಕಂಪನಿ ಹೇಳಿದಷ್ಟೇ ವೇಗ ತೋರಿಸಿತು. ಗ್ರಾಹಕರೊಬ್ಬರ ಕಂಪ್ಯೂಟರಿನಲ್ಲಿ ಎರಡು ವರ್ಷ ದುಡಿದ ಡ್ರೈವ್ 4 ಕೆಬಿಯ ಚೂರುಗಳನ್ನು ಅಲ್ಲಲ್ಲಿ ಬರೆಯುವ ಪರೀಕ್ಷೆಯಲ್ಲಿ ಅದರ ಅರ್ಧವನ್ನೂ ಮುಟ್ಟಲಿಲ್ಲ. ಹಳೆಯದು ಕೆಟ್ಟಿದೆಯೇ? ಗ್ರಾಹಕರಿಗೆ ಯಾವ ಅಂಕಿಯನ್ನು ಹೇಳಲಿ?

ಉತ್ತರ: ಹಳೆಯ ಡ್ರೈವ್ ಕೆಟ್ಟಿದೆಯೆಂದು ಇಷ್ಟರಿಂದಲೇ ಹೇಳಲಾಗದು. ಮಾದರಿ ಒಂದೇ ಆದರೂ ಅಳೆಯುವ ಹೊತ್ತಿನಲ್ಲಿ ಎರಡರ ಒಳಗಿನ ಸ್ಥಿತಿ ಬೇರೆ ಬೇರೆಯಾಗಿತ್ತು. ಹಿಂದೆ ಏನನ್ನು ಎಷ್ಟು ಸಲ ಬರೆದಿದ್ದೇವೆ ಎಂಬುದು ಸಾಮಾನ್ಯ ಹಾರ್ಡ್ ಡಿಸ್ಕಿನ ಇಂದಿನ ವೇಗವನ್ನು ಅಷ್ಟಾಗಿ ಬದಲಿಸುವುದಿಲ್ಲ. ಎಸ್‌ಎಸ್‌ಡಿಯಾದರೋ ತನ್ನ ಮೇಲೆ ನಡೆದದ್ದನ್ನೆಲ್ಲ ಹೊತ್ತುಕೊಂಡೇ ಮುಂದಿನ ಪರೀಕ್ಷೆಗೆ ಬಂದು ನಿಲ್ಲುತ್ತದೆ.

ಇದರ ಮೂಲ ಫ್ಲ್ಯಾಶ್ ಚಿಪ್ಪಿನ ಸ್ವಭಾವದಲ್ಲಿದೆ. ಅಲ್ಲಿ ಬರೆಯುವ ಅಳತೆ ಬೇರೆ, ಅಳಿಸುವ ಅಳತೆ ಬೇರೆ. ಬರೆಯುವುದು ಪೇಜ್ ಲೆಕ್ಕದಲ್ಲಿ, ಅಂದರೆ ಸಾಮಾನ್ಯವಾಗಿ 4ರಿಂದ 16 ಕೆಬಿಯಷ್ಟು. ಅಳಿಸುವುದು ಬ್ಲಾಕ್ ಲೆಕ್ಕದಲ್ಲಿ, ಅಂದರೆ ನೂರಾರು ಪೇಜ್‌ಗಳನ್ನು ಒಂದೇ ಏಟಿಗೆ. ಒಮ್ಮೆ ಬರೆದ ಪೇಜಿನ ಮೇಲೆ, ಅಳಿಸದೆ, ಮತ್ತೊಮ್ಮೆ ಬರೆಯುವಂತಿಲ್ಲ. ನಮ್ಮ ಕಡೆಯ ಮಕ್ಕಳು ಶಾಲೆಗೆ ಒಯ್ಯುತ್ತಿದ್ದ ಪಾಟಿಯನ್ನು ನೆನೆಯಿರಿ. ಅದರ ಮೇಲೆ ಒಂದೊಂದೇ ಸಾಲು ಬರೆಯಬಹುದು, ಆದರೆ ಒರೆಸುವುದಾದರೆ ಇಡೀ ಪಾಟಿಯನ್ನೇ ಒರೆಸಬೇಕು ಎಂಬ ಕಟ್ಟಳೆ ಇದೆ ಎಂದುಕೊಳ್ಳಿ. ಆಗ ಮೂರನೆಯ ಸಾಲಿನ ಲೆಕ್ಕವನ್ನು ತಿದ್ದಬೇಕಾದ ಹುಡುಗ ಹೊಸ ಲೆಕ್ಕವನ್ನು ಬೇರೊಂದು ಶುಭ್ರ ಪಾಟಿಯ ಮೇಲೆ ಬರೆದು, ಹಳೆಯ ಸಾಲಿಗೆ ಅಡ್ಡಗೆರೆ ಎಳೆದು, ಯಾವ ಸಾಲು ಎಲ್ಲಿದೆ ಎಂಬುದನ್ನು ಒಂದು ಚೀಟಿಯಲ್ಲಿ ಗುರುತಿಟ್ಟುಕೊಳ್ಳುತ್ತಾನೆ. ಎಸ್‌ಎಸ್‌ಡಿಯೊಳಗಿನ ಕೆಲಸವನ್ನು ನಡೆಸುವ ಚಿಪ್, ಅಂದರೆ ಕಂಟ್ರೋಲರ್, ದಿನವಿಡೀ ಮಾಡುವುದು ಇದನ್ನೇ. ಶುಭ್ರ ಪಾಟಿಗಳು ಸಾಲುಸಾಲಾಗಿ ಇರುವ ತನಕ ಕೆಲಸ ಸರಸರನೆ ಸಾಗುತ್ತದೆ. ಅವು ಮುಗಿಯುತ್ತ ಬಂದಾಗ, ಅಡ್ಡಗೆರೆಯ ಸಾಲುಗಳೇ ಹೆಚ್ಚಿರುವ ಪಾಟಿಯೊಂದನ್ನು ಹುಡುಕಿ, ಅದರಲ್ಲಿ ಉಳಿದಿರುವ ಒಳ್ಳೆಯ ಸಾಲುಗಳನ್ನು ಬೇರೆಡೆ ನಕಲು ಮಾಡಿ, ಆಮೇಲೆ ಒರೆಸಬೇಕಾಗುತ್ತದೆ. ಗಾರ್ಬೇಜ್ ಕಲೆಕ್ಷನ್ ಎಂದು ಕರೆಯುವ ಈ ಕೆಲಸ ನಡೆಯುತ್ತಿರುವಾಗ ನೀವು ಕಳುಹಿಸಿದ ಒಂದು ಪೇಜಿನ ಜೊತೆಗೆ ಕಂಟ್ರೋಲರ್ ತನ್ನದೇ ಎರಡೋ ಮೂರೋ ಪೇಜ್‌ಗಳನ್ನು ಬರೆಯುತ್ತಿರುತ್ತದೆ. ನಿಮ್ಮ ಹಳೆಯ ಡ್ರೈವ್ ಕಳೆದುಕೊಂಡ ವೇಗ ಹೆಚ್ಚಾಗಿ ಈ ನಕಲಿನ ಕೆಲಸಕ್ಕೆ ಹೋಗಿದೆ.

ಒರೆಸುವ ಕೆಲಸಕ್ಕೆ ಕೈಯಾಡಲು ಜಾಗ ಬೇಕೆಂದೇ ತಯಾರಕರು ಒಂದಷ್ಟು ಫ್ಲ್ಯಾಶನ್ನು ನಮ್ಮ ಕಣ್ಣಿಗೆ ತೋರಿಸದೆ ಇಟ್ಟಿರುತ್ತಾರೆ. ಚಿಪ್ಪಿನ ಲೆಕ್ಕ 1024ರ ಗುಣಕಗಳಲ್ಲಿ, ಡಬ್ಬಿಯ ಮೇಲಿನ ಲೆಕ್ಕ 1000ದ ಗುಣಕಗಳಲ್ಲಿ ಇರುವುದರಿಂದ, 256 ಎಂದು ಮಾರುವ ಡ್ರೈವಿನೊಳಗೆ 256 ಗಿಬಿಬೈಟ್‌ನಷ್ಟು ಫ್ಲ್ಯಾಶ್ ಇದ್ದರೆ ಸುಮಾರು ಶೇ. 7.37ರಷ್ಟು ಮರೆಯಲ್ಲಿ ಉಳಿಯುತ್ತದೆ. ನಿಮ್ಮ ಬಳಿ ಇರುವಂಥ 480ರ ಡ್ರೈವ್‌ಗಳಲ್ಲಿ ಅದು ಇನ್ನೂ ಹೆಚ್ಚಿರುವುದುಂಟು. ಇದಲ್ಲದೆ, ಫೈಲ್ ಅಳಿಸಿದಾಗ ಆ ಜಾಗ ಇನ್ನು ಬೇಡವೆಂದು ಕಂಟ್ರೋಲರ್‌ಗೆ ತಿಳಿಸುವ ಟ್ರಿಮ್ ಎಂಬ ಆಜ್ಞೆಯೂ ಇದೆ; ವಿಂಡೋಸ್‌ನಲ್ಲಿ ಇದು 2009ರ ವಿಂಡೋಸ್ 7ರಿಂದ ಬಂದಿತು. ಟ್ರಿಮ್ ತಲುಪದ ಹಳೆಯ ವ್ಯವಸ್ಥೆಯಲ್ಲಿ ಡ್ರೈವ್ ದುಡಿದಿದ್ದರೆ, ಮಾಲೀಕರು ಎಂದೋ ಅಳಿಸಿದ ಫೋಟೋಗಳನ್ನೂ ಕಂಟ್ರೋಲರ್ ಜತನದಿಂದ ಹೊತ್ತು ತಿರುಗುತ್ತಿರುತ್ತದೆ.

ಆದ್ದರಿಂದ ಎರಡು ಡ್ರೈವ್‌ಗಳನ್ನು ಹೋಲಿಸಬೇಕಾದರೆ ಮೊದಲು ಎರಡನ್ನೂ ಒಂದೇ ಸ್ಥಿತಿಗೆ ತರಬೇಕು. ಗಂಜ್ ಮಾರುಕಟ್ಟೆಯಲ್ಲಿ ತೊಗರಿಯ ಚೀಲ ಏರಿಸುವ ಮುನ್ನ ತಕ್ಕಡಿಯ ಮುಳ್ಳು ನಡುವೆ ನಿಂತಿದೆಯೇ ಎಂದು ನೋಡುವಂತೆ, ಮೊದಲ ಹೆಜ್ಜೆ ಡ್ರೈವನ್ನು ಪೂರ್ತಿ ಬರಿದು ಮಾಡುವುದು. ಇದಕ್ಕೆ ಸಾಟಾ ಡ್ರೈವ್‌ಗಳಲ್ಲಿ ಸೆಕ್ಯೂರ್ ಇರೇಸ್, ಎನ್‌ವಿಎಂಇ ಎಂಬ ಹೊಸ, ಹೆಚ್ಚು ವೇಗದ ಬಗೆಯ ಡ್ರೈವ್‌ಗಳಲ್ಲಿ ಫಾರ್ಮ್ಯಾಟ್ ಅಥವಾ ಸ್ಯಾನಿಟೈಸ್ ಎಂಬ ಆಜ್ಞೆಗಳಿವೆ. ಹಲವು ತಯಾರಕರು ತಮ್ಮ ಡ್ರೈವ್‌ಗಳಿಗೆಂದು ಕೊಡುವ ಉಚಿತ ತಂತ್ರಾಂಶದಲ್ಲಿಯೂ ಈ ಸೌಲಭ್ಯ ಇರುತ್ತದೆ. ವಿಂಡೋಸ್‌ನ ಪೂರ್ಣ ಫಾರ್ಮ್ಯಾಟ್ ಮಾಡಿದರೆ ಸಾಕೆಂದು ಅನೇಕರು ಭಾವಿಸುತ್ತಾರೆ, ಅದು ತಪ್ಪು. ವಿಸ್ಟಾ ಮತ್ತು ಅದರ ನಂತರದ ವಿಂಡೋಸ್‌ನಲ್ಲಿ ಪೂರ್ಣ ಫಾರ್ಮ್ಯಾಟ್ ಎಂದರೆ ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನು ಬರೆಯುವುದು. ಪಾಟಿ ಒರೆಸಲು ಹೋಗಿ ಅದರ ತುಂಬ ಸೊನ್ನೆ ಗೀಚಿ ಬಂದಂತಾಗುತ್ತದೆ. ಡ್ರೈವಿನಲ್ಲಿರುವ ಎಲ್ಲವೂ ಅಳಿದುಹೋಗುವುದರಿಂದ ಗ್ರಾಹಕರ ಮಾಹಿತಿಯನ್ನು ಮೊದಲು ಬೇರೆಡೆ ತೆಗೆದಿಡಬೇಕೆಂದು ನಿಮಗೆ ಹೇಳಬೇಕಾಗಿಲ್ಲ.

ಬರಿದಾದ ಡ್ರೈವನ್ನು ಹಾಗೆಯೇ ಅಳೆದರೆ ಸಿಗುವುದು ಪೊಟ್ಟಣ ಒಡೆದ ದಿನದ ಅಂಕಿ. ದೀರ್ಘಕಾಲದ ವೇಗ ಬೇಕಾದರೆ ಎರಡನೆಯ ಹೆಜ್ಜೆ ಇಡಬೇಕು: ಡ್ರೈವಿನ ಪೂರ್ತಿ ಸಾಮರ್ಥ್ಯವನ್ನು ಮೊದಲಿಂದ ಕೊನೆಯವರೆಗೆ ಕ್ರಮವಾಗಿ ಎರಡು ಸಲ ಬರೆದು ತುಂಬಬೇಕು. ಎರಡು ಸಲ ಏಕೆಂದರೆ, ಮೊದಲ ಸುತ್ತಿನಲ್ಲಿ ಆ ಮರೆಯಲ್ಲಿಟ್ಟ ಜಾಗ ಶುಭ್ರವಾಗಿಯೇ ಉಳಿದಿರುತ್ತದೆ. ಎರಡನೆಯ ಸುತ್ತಿನಲ್ಲಿ ಅದೂ ಬಳಕೆಗೆ ಬರುತ್ತದೆ. ನಿಮ್ಮ 480 ಜಿಬಿಯ ಡ್ರೈವಿಗೆ ಇದು 960 ಜಿಬಿಯ ಬರವಣಿಗೆ. ಸೆಕೆಂಡಿಗೆ 400 ಎಂಬಿ ವೇಗ ಉಳಿದರೆ 40 ನಿಮಿಷ ಸಾಕು, ವೇಗ 80 ಎಂಬಿಗೆ ಕುಸಿದರೆ ಮೂರು ಗಂಟೆ ಇಪ್ಪತ್ತು ನಿಮಿಷ ಬೇಕು. ಮೂರನೆಯದಾಗಿ, ಯಾವ ಬಗೆಯ ಕೆಲಸವನ್ನು ಅಳೆಯಬೇಕೋ ಅದನ್ನೇ ಮೊದಲು ಸಾಕಷ್ಟು ಹೊತ್ತು ನಡೆಸಬೇಕು. 4 ಕೆಬಿಯ ಚೂರುಗಳನ್ನು ಅಲ್ಲಲ್ಲಿ ಬರೆಯುವ ವೇಗ ಬೇಕಾದರೆ ಅದನ್ನೇ ಬರೆಯುತ್ತ ನಿಮಿಷ ನಿಮಿಷದ ಅಂಕಿಯನ್ನು ಗುರುತಿಟ್ಟರೆ, ಆರಂಭದಲ್ಲಿ ಎತ್ತರದಲ್ಲಿರುವ ಗೆರೆ ಒಂದು ಹಂತದಲ್ಲಿ ಜಾರಿ, ಏರಿಳಿದು, ಕೊನೆಗೊಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ನಿಂತ ಮಟ್ಟವನ್ನು ಸ್ಥಿರ ಸ್ಥಿತಿ ಎನ್ನುತ್ತಾರೆ. ಅಳತೆ ಆರಂಭವಾಗುವುದು ಅಲ್ಲಿಂದ.

ಸಿದ್ಧತೆ ಮುಗಿದ ಮೇಲೆ ಗಂಟೆಗಟ್ಟಲೆ ಬಿಟ್ಟು ಬಂದು ಅಳೆಯಬಾರದು. ಬಿಡುವು ಸಿಕ್ಕಿದ ಕೂಡಲೇ ಕಂಟ್ರೋಲರ್ ಒಳಗೊಳಗೇ ಪಾಟಿಗಳನ್ನು ಒರೆಸಿಡಲು ತೊಡಗುತ್ತದೆ, ನೀವು ಕಷ್ಟಪಟ್ಟು ತಂದ ಸ್ಥಿತಿ ಕೈತಪ್ಪುತ್ತದೆ. ಪರೀಕ್ಷೆಯ ಡ್ರೈವಿನಲ್ಲಿ ವಿಂಡೋಸ್ ಇರಬಾರದು, ಬೇರೆ ಡ್ರೈವಿನಿಂದ ಕಂಪ್ಯೂಟರ್ ಶುರುವಾಗಬೇಕು. ವಿದ್ಯುತ್ ಉಳಿಸುವ ಆಯ್ಕೆಗಳು, ಫೈಲ್ ಹುಡುಕಾಟದ ಇಂಡೆಕ್ಸಿಂಗ್, ವೈರಸ್ ತಪಾಸಣೆ ಇವೆಲ್ಲ ನಿಂತಿರಬೇಕು. ಒಮ್ಮೆ ಇಡೀ ರಾತ್ರಿ ನಡೆಸಿದ ನನ್ನ ಪರೀಕ್ಷೆಯೊಂದರಲ್ಲಿ ನಡುರಾತ್ರಿ ತಪಾಸಣೆಯ ತಂತ್ರಾಂಶ ಎಚ್ಚರಗೊಂಡು ಒಂದು ಗಂಟೆಯ ಅಂಕಿಗಳನ್ನೆಲ್ಲ ಹಾಳುಮಾಡಿತ್ತು. ಬೆಳಿಗ್ಗೆ ಗೆರೆಯಲ್ಲಿ ಕಂಡ ಆ ಹಳ್ಳಕ್ಕೆ ಡ್ರೈವೇ ಕಾರಣವೆಂದು ಎರಡು ದಿನ ನಂಬಿದ್ದೆ.

ಇನ್ನು, ಗ್ರಾಹಕರಿಗೆ ಯಾವ ಅಂಕಿಯನ್ನು ಹೇಳಬೇಕೆಂಬ ಮಾತು. ನನ್ನನ್ನು ಕೇಳಿದರೆ ಎರಡನ್ನೂ ಹೇಳಿ, ಯಾವುದು ಯಾವ ಸ್ಥಿತಿಯದೆಂದು ಬರೆದುಕೊಡಿ. ಎರಡನ್ನು ಕೇಳುವ ತಾಳ್ಮೆ ಅವರಿಗೆ ಇಲ್ಲದಿದ್ದರೆ ಸ್ಥಿರ ಸ್ಥಿತಿಯದನ್ನೇ ಹೇಳಿ. ಕೊಂಡ ಮೇಲೆ ಅವರು ಬಾಳುವೆ ಮಾಡುವುದು ಬಳಸಿದ ಡ್ರೈವಿನ ಜೊತೆಗೆ.

ಪ್ರಶ್ನೆ: ಬೀದರಿನ ಪಾಲಿಟೆಕ್ನಿಕ್ ಒಂದರಲ್ಲಿ ಉಪನ್ಯಾಸಕಿಯಾಗಿದ್ದೇನೆ. ನಮ್ಮ ವಿದ್ಯಾರ್ಥಿಗಳು ಲಿನಕ್ಸ್‌ನಲ್ಲಿ ಎಫ್‌ಐಒ ತಂತ್ರಾಂಶ ಬಳಸಿ ಹೊಸ ಡ್ರೈವ್‌ಗಳನ್ನು ಹೋಲಿಸುತ್ತಿದ್ದಾರೆ. ಏನನ್ನೂ ಬರೆಯದ ಹೊಸ ಡ್ರೈವಿನಿಂದ ಅಲ್ಲಲ್ಲಿ ಓದುವ ಪರೀಕ್ಷೆ ನಡೆಸಿದಾಗ ಕಂಪನಿ ಹೇಳಿದ್ದಕ್ಕಿಂತಲೂ ಹೆಚ್ಚಿನ ಅಂಕಿ ಬಂತು. ವಿದ್ಯಾರ್ಥಿಗಳಿಗೆ ಸಂತೋಷವಾಗಿದೆ, ನನಗೆ ಅನುಮಾನವಾಗಿದೆ. ಜೊತೆಗೆ, ವೇಗ ಸ್ಥಿರವಾಯಿತೆಂದು ಯಾವಾಗ ಹೇಳಬಹುದು? ಅದಕ್ಕೊಂದು ನಿಯಮವಿದೆಯೇ?

ಉತ್ತರ: ತಮ್ಮ ಅನುಮಾನ ಸರಿಯಾಗಿದೆ. ಯಾವ ವಿಳಾಸ ಯಾವ ಪೇಜಿನಲ್ಲಿದೆ ಎಂಬ ಪಟ್ಟಿಯೊಂದು ಕಂಟ್ರೋಲರ್ ಬಳಿ ಇರುತ್ತದೆ. ಎಂದೂ ಬರೆಯದ ವಿಳಾಸವನ್ನು ಓದಲು ಕೇಳಿದಾಗ ಪಟ್ಟಿಯಲ್ಲಿ ಅದರ ನಮೂದೇ ಇರುವುದಿಲ್ಲ; ಆಗ ಕಂಟ್ರೋಲರ್ ಫ್ಲ್ಯಾಶನ್ನು ಮುಟ್ಟದೆ ಸೊನ್ನೆಗಳನ್ನು ಕಳುಹಿಸಿಬಿಡುತ್ತದೆ. ಖಾತೆ ಪುಸ್ತಕದಲ್ಲಿ ಹೆಸರೇ ಇಲ್ಲದವರ ಬಾಕಿ ಎಷ್ಟೆಂದು ಕೇಳಿದರೆ ಗುಮಾಸ್ತರು ತಿಜೋರಿ ತೆರೆಯಲು ಏಳುವುದಿಲ್ಲವಷ್ಟೆ. ತಮ್ಮ ವಿದ್ಯಾರ್ಥಿಗಳು ಅಳೆದದ್ದು ಗುಮಾಸ್ತರ ಆ ಚುರುಕನ್ನು. ಟ್ರಿಮ್ ಆದ ಜಾಗವನ್ನು ಓದಿದರೂ ಅನೇಕ ಡ್ರೈವ್‌ಗಳಲ್ಲಿ ಹೀಗೆಯೇ ಆಗುತ್ತದೆ. ಆದ್ದರಿಂದ ಓದುವ ಪರೀಕ್ಷೆಯಾದರೂ ಮೊದಲು ಇಡೀ ಡ್ರೈವನ್ನು ಬರೆದು ತುಂಬಿಸಲೇಬೇಕು.

ತುಂಬಿಸುವಾಗ ಏನನ್ನು ಬರೆಯುತ್ತೇವೆ ಎಂಬುದೂ ಮುಖ್ಯ. ಬಂದ ಮಾಹಿತಿಯನ್ನು ಒತ್ತಿ ಚಿಕ್ಕದಾಗಿಸಿ ಬರೆಯುವ ಕಂಟ್ರೋಲರ್‌ಗಳುಂಟು, ಹಿಂದಿನ ಸ್ಯಾಂಡ್‌ಫೋರ್ಸ್ ಚಿಪ್‌ಗಳು ಇದಕ್ಕೆ ಹೆಸರಾಗಿದ್ದವು. ಅವುಗಳಿಗೆ ಬರೀ ಸೊನ್ನೆಗಳನ್ನು ಕೊಟ್ಟರೆ ಬರೆಯುವ ಕೆಲಸವೇ ಇಲ್ಲದಂತಾಗಿ ವೇಗ ಉಬ್ಬುತ್ತದೆ. ಎಫ್‌ಐಒ ತಾನಾಗಿಯೇ ಯಾದೃಚ್ಛಿಕ ಮಾಹಿತಿಯನ್ನು ಬಳಸುತ್ತದೆಯಾದರೂ ಅದೇ ತುಣುಕನ್ನು ಮತ್ತೆ ಮತ್ತೆ ಕಳುಹಿಸಬಹುದು. ಪ್ರತಿ ಸಲ ಹೊಸದಾಗಿ ತುಂಬುವ ರೀಫಿಲ್ ಬಫರ್ಸ್ ಆಯ್ಕೆಯನ್ನು ಹಾಕಿಕೊಳ್ಳುವುದು ಕ್ಷೇಮ. ಡೈರೆಕ್ಟ್ ಆಯ್ಕೆಯನ್ನು 1 ಎಂದು ಕೊಡಲು ಮರೆಯಬಾರದು. ಇಲ್ಲವಾದರೆ ಲಿನಕ್ಸ್ ತನ್ನ ರ‍್ಯಾಮ್‌ನಿಂದಲೇ ಉತ್ತರ ಕೊಟ್ಟು, ಡ್ರೈವಿನ ಬದಲು ರ‍್ಯಾಮ್‌ನ ವೇಗವೇ ವರದಿಯಲ್ಲಿ ಕೂರುತ್ತದೆ. ಪರೀಕ್ಷೆ ಒಂದು ಸಣ್ಣ ಫೈಲಿನ ಮೇಲೆ ನಡೆಯದೆ ಇಡೀ ಡ್ರೈವಿನ ಮೇಲೆ ಹರಡಿರಲಿ.

ತಾವು ಕೇಳಿದ ನಿಯಮ ಇದೆ. ಸ್ಟೋರೇಜ್ ನೆಟ್‌ವರ್ಕಿಂಗ್ ಇಂಡಸ್ಟ್ರಿ ಅಸೋಸಿಯೇಷನ್, ಅಂದರೆ ಎಸ್‌ಎನ್‌ಐಎ ಎಂಬ ಉದ್ಯಮ ಸಂಘಟನೆ ಘನಸ್ಥಿತಿ ಸಂಗ್ರಹ ಸಾಧನಗಳ, ಅಂದರೆ ಎಸ್‌ಎಸ್‌ಡಿಗಳ, ಕಾರ್ಯಕ್ಷಮತೆಯನ್ನು ಅಳೆಯಲು ಒಂದು ವಿಧಾನವನ್ನು ಗೊತ್ತುಮಾಡಿದೆ. ಮೊದಲ ಉತ್ತರದಲ್ಲಿ ಹೇಳಿದ ಬರಿದು ಮಾಡುವುದು, 128 ಕೆಬಿಯ ತುಂಡುಗಳಲ್ಲಿ ಎರಡು ಸಲ ತುಂಬುವುದು, ಆಮೇಲೆ ಅಳೆಯಬೇಕಾದ ಕೆಲಸವನ್ನೇ ನಡೆಸುವುದು ಎಂಬ ಕ್ರಮ ಅದರದೇ. ಅದರ ಐಓಪಿಎಸ್ (ಸೆಕೆಂಡಿಗೆ ಎಷ್ಟು ಓದು-ಬರೆಹದ ಕೋರಿಕೆಗಳು ಪೂರೈಸಿದವು ಎಂಬ) ಪರೀಕ್ಷೆಯಲ್ಲಿ ಓದು ಮತ್ತು ಬರೆಹದ ಏಳು ಮಿಶ್ರಣಗಳನ್ನು ಎಂಟು ಗಾತ್ರದ ತುಂಡುಗಳೊಡನೆ ಒಂದೊಂದು ನಿಮಿಷ ನಡೆಸಲಾಗುತ್ತದೆ. ಹೀಗೆ 56 ನಿಮಿಷಕ್ಕೆ ಒಂದು ಸುತ್ತು. ಇಂಥ ಐದು ಸತತ ಸುತ್ತುಗಳಲ್ಲಿ ಎರಡು ಷರತ್ತುಗಳು ಈಡೇರಿದರೆ ಸ್ಥಿರ ಸ್ಥಿತಿ ಬಂದಿತೆಂದು ಲೆಕ್ಕ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಅಂಕಿಗಳ ಅಂತರ ಸರಾಸರಿಯ ಶೇ. 20ನ್ನು ಮೀರಿರಬಾರದು, ಐದು ಬಿಂದುಗಳ ನಡುವೆ ಹಾಯುವ ಅತ್ಯುತ್ತಮ ಸರಳರೇಖೆ ಆ ಐದು ಸುತ್ತುಗಳ ಉದ್ದಕ್ಕೂ ಏರುವುದು ಅಥವಾ ಇಳಿಯುವುದು ಸರಾಸರಿಯ ಶೇ. 10ನ್ನು ಮೀರಿರಬಾರದು.

ಎರಡನೆಯ ಷರತ್ತು ಏಕೆ ಬೇಕೆಂದು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಅವರಿಗೆ ಹಲಗೆಯ ಮೇಲೆ ಈ ಅಂಕಿಗಳನ್ನು ಬರೆದು ತೋರಿಸಿ: 22,000, 21,000, 20,000, 19,000, 18,000. ಸರಾಸರಿ 20,000, ಅಂತರ 4,000, ಅಂದರೆ ಸರಿಯಾಗಿ ಶೇ. 20. ಮೊದಲ ಷರತ್ತಿನಲ್ಲಿ ಪಾಸಾಯಿತು. ಆದರೆ ಈ ಡ್ರೈವ್ ಸುತ್ತಿಗೆ 1,000ದಂತೆ ಇನ್ನೂ ಜಾರುತ್ತಲೇ ಇದೆ, ಎಲ್ಲಿ ನಿಲ್ಲುವುದೋ ತಿಳಿಯದು. ರೇಖೆಯ ಇಳಿತ 4,000, ಮಿತಿ 2,000. ಎರಡನೆಯ ಷರತ್ತು ಅದನ್ನು ಹಿಡಿದು ನಿಲ್ಲಿಸುತ್ತದೆ. ಇದಕ್ಕೆ ಬದಲಾಗಿ 20,400, 19,800, 20,100, 19,500, 20,200 ಎಂದು ಬಂದರೆ ಸರಾಸರಿ ಅದೇ 20,000, ಅಂತರ ಬರೀ 900, ರೇಖೆಯ ಇಳಿತ 280. ಇದು ನಿಂತಿದೆ.

ಪೂರ್ತಿ ಪರೀಕ್ಷೆಗೆ ಪ್ರಯೋಗಾಲಯದಲ್ಲಿ ಸಮಯ ಸಾಲದಿದ್ದರೆ 4 ಕೆಬಿಯ ಬರೆಹವೊಂದನ್ನೇ ಆಯ್ದು ಇದೇ ಐದು ಸುತ್ತಿನ ನಿಯಮವನ್ನು ಅನ್ವಯಿಸಿ, ವರದಿಯಲ್ಲಿ ಹಾಗೆಂದು ನಮೂದಿಸಿದರಾಯಿತು. ನಿಯಮವನ್ನು ಸಡಿಲಿಸಿದ್ದು ತಪ್ಪಾಗದು, ಸಡಿಲಿಸಿದ್ದನ್ನು ಬರೆಯದಿದ್ದರೆ ತಪ್ಪು.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಸುರಪುರದವನು. ಸೆಕ್ಯೂರ್ ಇರೇಸ್ ಮಾಡಲು ಹೋದರೆ ಡ್ರೈವ್ ‘ಫ್ರೋಜನ್’ ಸ್ಥಿತಿಯಲ್ಲಿದೆ ಎಂದು ಬರುತ್ತದೆ. ನಡುವೆ ಕರೆಂಟ್ ಹೋದರೆ ಏನಾಗುತ್ತದೆ ಎಂಬ ಭಯವೂ ಇದೆ.

ಉತ್ತರ: ದುರುದ್ದೇಶದ ತಂತ್ರಾಂಶಗಳು ಡ್ರೈವನ್ನು ಅಳಿಸಬಾರದೆಂದು ಅನೇಕ ಮದರ್‌ಬೋರ್ಡ್‌ಗಳ ಬಯಾಸ್, ಕಂಪ್ಯೂಟರ್ ಶುರುವಾಗುವಾಗಲೇ ಡ್ರೈವಿನ ಭದ್ರತೆಯ ಆಜ್ಞೆಗಳಿಗೆ ಬೀಗ ಹಾಕುತ್ತದೆ. ಕಂಪ್ಯೂಟರನ್ನು ಸ್ಲೀಪ್ ಸ್ಥಿತಿಗೆ ಕಳುಹಿಸಿ ಮತ್ತೆ ಎಬ್ಬಿಸಿದರೆ ಬಹಳಷ್ಟು ಸಲ ಆ ಬೀಗ ತೆರೆದಿರುತ್ತದೆ. ಹಾಗಾಗದಿದ್ದರೆ ಡ್ರೈವನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ನೋಡಿ. ಯುಎಸ್‌ಬಿ ಡಬ್ಬಿಯಲ್ಲಿಟ್ಟು ಈ ಕೆಲಸಕ್ಕೆ ಕೈಹಾಕಬೇಡಿ. ನಡುವಿನ ಚಿಪ್ ಆಜ್ಞೆಗಳನ್ನು ಸರಿಯಾಗಿ ದಾಟಿಸುತ್ತದೆಂಬ ಭರವಸೆಯಿಲ್ಲ, ಅನೇಕ ಡಬ್ಬಿಗಳಲ್ಲಿ ಟ್ರಿಮ್ ಕೂಡ ಆಚೆ ಹೋಗುವುದಿಲ್ಲ.

ಕರೆಂಟಿನ ಭಯ ಅಕಾರಣವೇನಲ್ಲ. ಸಾಟಾ ಡ್ರೈವಿನಲ್ಲಿ ಮೊದಲು ಒಂದು ಗುಪ್ತಪದ ಇಟ್ಟು ಆಮೇಲೆ ಅಳಿಸುವ ಆಜ್ಞೆ ಕೊಡಬೇಕು. ಕೆಲಸ ಮುಗಿದಾಗ ಗುಪ್ತಪದ ತಾನಾಗಿ ಹೋಗುತ್ತದೆ, ನಡುವೆ ವಿದ್ಯುತ್ ಹೋದರೆ ಡ್ರೈವ್ ಬೀಗ ಬಿದ್ದ ಸ್ಥಿತಿಯಲ್ಲಿಯೇ ಉಳಿಯಬಹುದು. ಗುಪ್ತಪದ ನೆನಪಿದ್ದರೆ ಅದೇ ಆಜ್ಞೆಯನ್ನು ಮತ್ತೆ ಕೊಟ್ಟು ಮುಗಿಸಬಹುದು. ಮರೆತರೆ ಡ್ರೈವ್ ಉಪಯೋಗಕ್ಕೆ ಬರುವುದು ಕಷ್ಟ. ಸರಳವಾದ ಪದವನ್ನಿಟ್ಟು ಕಾಗದದ ಮೇಲೆ ಬರೆದಿಡಿ, ಯುಪಿಎಸ್ ಇರುವ ಕಂಪ್ಯೂಟರಿನಲ್ಲಿಯೇ ಮಾಡಿ. ಹೆಚ್ಚಿನ ಎಸ್‌ಎಸ್‌ಡಿಗಳಲ್ಲಿ ಇದು ಕೆಲವೇ ನಿಮಿಷಗಳ ಕೆಲಸ. ನಿಜವಾದ ಅಪಾಯ ಇನ್ನೊಂದಿದೆ: ಅಳಿಸಬೇಕಾದ ಡ್ರೈವ್ ಬಿಟ್ಟು ಪಕ್ಕದ್ದನ್ನು ಅಳಿಸುವುದು. ಆಜ್ಞೆ ಕೊಡುವ ಮುನ್ನ ಉಳಿದ ಡ್ರೈವ್‌ಗಳ ಕೇಬಲ್ ಕಿತ್ತಿಡುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಪ್ರಶ್ನೆ: ಶಹಾಬಾದಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆಗಳ ವಿಡಿಯೋ ಮಾಡುತ್ತೇನೆ. 1 ಟಿಬಿಯ ಕ್ಯೂಎಲ್‌ಸಿ ಎನ್‌ವಿಎಂಇ ಡ್ರೈವ್ ಕೊಂಡಿದ್ದೇನೆ. ಬೆಂಚ್‌ಮಾರ್ಕ್‌ನಲ್ಲಿ ಸೆಕೆಂಡಿಗೆ 2,000 ಎಂಬಿ ಬರೆಯುತ್ತದೆ. ಆದರೆ 300 ಜಿಬಿಯ ಮದುವೆ ವಿಡಿಯೋ ನಕಲು ಮಾಡುವಾಗ ಸ್ವಲ್ಪ ಹೊತ್ತಿನಲ್ಲಿಯೇ ವೇಗ ನೂರರ ಆಸುಪಾಸಿಗೆ ಬೀಳುತ್ತದೆ. ಇದು ನಕಲಿ ಮಾಲೇ, ಬಿಸಿಲಿನ ತಾಪವೇ?

ಉತ್ತರ: ನಕಲಿ ಮಾಲಿರುವ ಸಂಭವ ಕಡಿಮೆ. ಕ್ಯೂಎಲ್‌ಸಿ ಎಂದರೆ ಪ್ರತಿ ಕೋಶದಲ್ಲಿ ನಾಲ್ಕು ಬಿಟ್‌ಗಳನ್ನು ಅಡಕುವ ಫ್ಲ್ಯಾಶ್. ನಾಲ್ಕನ್ನು ಅಡಕಿ ಬರೆಯುವುದು ನಿಧಾನದ ಕೆಲಸವಾದ್ದರಿಂದ ಕಂಟ್ರೋಲರ್ ಖಾಲಿ ಇರುವ ಕೋಶಗಳಲ್ಲಿ ತಾತ್ಕಾಲಿಕವಾಗಿ ಒಂದೊಂದೇ ಬಿಟ್ ಬರೆದು ನಮಗೆ ವೇಗವನ್ನು ತೋರಿಸುತ್ತದೆ. ಬಿಡುವಿನಲ್ಲಿ ಅದನ್ನು ನಾಲ್ಕು ಬಿಟ್‌ಗಳಾಗಿ ಮಡಿಸಿಡುತ್ತದೆ. ಇದನ್ನು ಎಸ್‌ಎಲ್‌ಸಿ ಕ್ಯಾಶೆ ಎನ್ನುತ್ತಾರೆ. ಖಾಲಿ ಜಾಗವನ್ನೆಲ್ಲ ಹೀಗೆ ಬಳಸಿದರೂ ಅದರ ಕಾಲು ಭಾಗದಷ್ಟು ಮಾತ್ರ ಕ್ಯಾಶೆ ಸಿಕ್ಕೀತು: ಪೂರ್ತಿ ಖಾಲಿ ಇರುವ 1 ಟಿಬಿಯಲ್ಲಿ ಹೆಚ್ಚೆಂದರೆ 250 ಜಿಬಿ, ಮುಕ್ಕಾಲು ತುಂಬಿದ ಡ್ರೈವಿನಲ್ಲಿ ಹೆಚ್ಚೆಂದರೆ ಸುಮಾರು 62 ಜಿಬಿ. ಅನೇಕ ಡ್ರೈವ್‌ಗಳು ಇಷ್ಟನ್ನೂ ಕೊಡುವುದಿಲ್ಲ. ಅದು ಮುಗಿದ ಮೇಲೆ ಕೆಲವು ಕ್ಯೂಎಲ್‌ಸಿ ಡ್ರೈವ್‌ಗಳ ವೇಗ ಸೆಕೆಂಡಿಗೆ 100 ಎಂಬಿಗಿಂತಲೂ ಕೆಳಗಿಳಿಯುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಮೂಲೆಯಲ್ಲಿ ಬಿದ್ದಿರುವ ತಿರುಗುವ ಹಾರ್ಡ್ ಡಿಸ್ಕೇ ಅದನ್ನು ಹಿಂದೆ ಹಾಕೀತು.

ಬೆಂಚ್‌ಮಾರ್ಕ್ ಇದನ್ನು ಏಕೆ ತೋರಿಸಲಿಲ್ಲವೆಂದರೆ, ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ನಂಥ ತಂತ್ರಾಂಶ ತಾನಾಗಿ ಆರಿಸಿಕೊಳ್ಳುವ ಫೈಲಿನ ಗಾತ್ರ ಕೇವಲ 1 ಜಿಬಿ. ಅದು ಇಡಿಯಾಗಿ ಕ್ಯಾಶೆಯೊಳಗೆ ಕೂರುತ್ತದೆ. ಈಗಷ್ಟೇ ಬರೆದ ಆ ಫೈಲನ್ನೇ ಓದಿ ಅಳೆಯುವುದರಿಂದ ಓದುವ ಅಂಕಿಯೂ ಕ್ಯಾಶೆಯದೇ ಆಗಿರಬಹುದು.

ತಾಪವನ್ನು ಬೇರ್ಪಡಿಸಿ ನೋಡಲು ಒಂದು ಸುಲಭ ದಾರಿಯಿದೆ. ನಮ್ಮ ಬಿಸಿಲ ನಾಡಿನಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹೊರಗಿನ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ, ಗಾಳಿಯಾಡದ ಕ್ಯಾಬಿನೆಟ್ಟಿನೊಳಗೆ ಇನ್ನೂ ಹೆಚ್ಚು. ಎನ್‌ವಿಎಂಇ ಡ್ರೈವ್‌ಗಳು ಸಾಮಾನ್ಯವಾಗಿ 70 ಡಿಗ್ರಿ ದಾಟಿದ ಮೇಲೆ ಎಲ್ಲೋ ಒಂದು ಹಂತದಲ್ಲಿ ತಮ್ಮನ್ನು ಕಾಪಾಡಿಕೊಳ್ಳಲು ತಾವೇ ನಿಧಾನಿಸುತ್ತವೆ. ಒಂದು ಸಲ ಹಾಗೆಯೇ, ಮತ್ತೊಂದು ಸಲ ಕ್ಯಾಬಿನೆಟ್ ತೆರೆದು ಟೇಬಲ್ ಫ್ಯಾನ್ ತಿರುಗಿಸಿ ಅದೇ 300 ಜಿಬಿಯನ್ನು ನಕಲು ಮಾಡಿ, ಎಷ್ಟನೆಯ ಜಿಬಿಯಲ್ಲಿ ವೇಗ ಬಿತ್ತೆಂದು ಎರಡು ಸಲವೂ ಬರೆದುಕೊಳ್ಳಿ. ಬೀಳುವ ಜಾಗ ಬದಲಾಗದಿದ್ದರೆ ಕ್ಯಾಶೆ ಮುಗಿದದ್ದು; ಫ್ಯಾನಿನ ಕೆಳಗೆ ಅದು ದೂರಕ್ಕೆ ಸರಿದರೆ ಅಥವಾ ಬೀಳದೇ ಹೋದರೆ ತಾಪ. ತಾಪವಾದರೆ ಹೀಟ್‌ಸಿಂಕ್ ಹಾಕಿಸಿ.

ನಿಮ್ಮ ಕೆಲಸಕ್ಕೆ ಹೊಂದುವ ಅಳತೆಗೆ ಎಸ್‌ಎನ್‌ಐಎ ವಿಧಾನದ ಅಗತ್ಯ ನನಗೆ ಕಾಣುವುದಿಲ್ಲ. ನೀವು ಮದುವೆಯ ಕಾಲದಲ್ಲಿ ಡ್ರೈವನ್ನು ಎಷ್ಟು ತುಂಬಿಸಿಟ್ಟಿರುತ್ತೀರೋ ಅಷ್ಟು ತುಂಬಿಸಿ, ಒಂದು ರಾತ್ರಿ ಚಾಲೂ ಇಟ್ಟು ಬಿಡುವು ಕೊಟ್ಟು, ಬೆಳಿಗ್ಗೆ ಅಷ್ಟೇ ವೇಗದ ಇನ್ನೊಂದು ಎಸ್‌ಎಸ್‌ಡಿಯಿಂದ ನಿಜವಾದ ವಿಡಿಯೋಗಳನ್ನು ನಕಲು ಮಾಡಿ. ಮೆಮೊರಿ ಕಾರ್ಡಿನಿಂದ ನಕಲು ಮಾಡಿದರೆ ಕಾರ್ಡಿನ ವೇಗವನ್ನೇ ಅಳೆದಂತಾಗುತ್ತದೆ. ಒಟ್ಟು ಹಿಡಿದ ಸಮಯ, ಅತಿ ಕಡಿಮೆಯ ವೇಗ, ಇವೆರಡೇ ಸಾಕು. ಮೊದಲು ಖಾಲಿ ಡ್ರೈವಿನಲ್ಲಿಯೂ ಒಮ್ಮೆ ಮಾಡಿಟ್ಟುಕೊಂಡರೆ, ಎಷ್ಟು ಜಾಗ ಖಾಲಿ ಬಿಟ್ಟರೆ ನಿಮಗೆ ಅನುಕೂಲ ಎಂಬುದು ಅಂಕಿಗಳಿಂದಲೇ ತಿಳಿಯುತ್ತದೆ.

ಪ್ರಶ್ನೆ: ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಇಷ್ಟೆಲ್ಲ ಬರೆದು ಪರೀಕ್ಷಿಸಿದರೆ ಡ್ರೈವ್ ಸವೆಯುವುದಿಲ್ಲವೇ?

ಉತ್ತರ: ಸವೆಯುತ್ತದೆ. ನಿಮ್ಮ ಡ್ರೈವಿನ ವಾರಂಟಿಯಲ್ಲಿ 300 ಟಿಬಿ ಬರೆಹದ ಮಿತಿ ಇದೆ ಎಂದುಕೊಳ್ಳಿ. 480 ಜಿಬಿಯನ್ನು ಎರಡು ಸಲ ತುಂಬುವುದು, ಆಮೇಲಿನ ಪರೀಕ್ಷೆ ಎಲ್ಲ ಸೇರಿ 3 ಟಿಬಿಯಾದರೆ ನೂರರಲ್ಲಿ ಒಂದು ಪಾಲು ಹೋಯಿತು. ಒಮ್ಮೆ ಮಾಡಿದರೆ ಚಿಂತೆಯಿಲ್ಲ, ವಾರಕ್ಕೊಮ್ಮೆ ಮಾಡುವುದು ಹುಚ್ಚುತನ. ಲೆಕ್ಕಪತ್ರದ ಕಂಪ್ಯೂಟರಿಗೆ ಇಂಥ ಪರೀಕ್ಷೆ ಬೇಕಿಲ್ಲ, ಬ್ಯಾಕಪ್ ಬೇಕು. ಅಂಗಡಿಯವರಿಗೂ ಒಂದು ಮಾತು: ಹೀಗೆ ಪರೀಕ್ಷಿಸಿದ ಡ್ರೈವನ್ನು ಹೊಸದೆಂದು ಮಾರಬಾರದು. ಎಷ್ಟು ಬರೆಯಲಾಗಿದೆ ಎಂಬ ಲೆಕ್ಕವನ್ನು ಡ್ರೈವ್ ತಾನೇ ತನ್ನ ಸ್ಮಾರ್ಟ್ ದಾಖಲೆಯಲ್ಲಿ ಇಟ್ಟುಕೊಂಡಿರುತ್ತದೆ, ಕೊಂಡವರು ನೋಡಬಲ್ಲರು.

ಪ್ರಶ್ನೆ: ಹುಮನಾಬಾದಿನ ವಿದ್ಯಾರ್ಥಿ. ಹಳೆಯ ಲ್ಯಾಪ್‌ಟಾಪಿಗೆ ಸಾಟಾ ಎಸ್‌ಎಸ್‌ಡಿ ಹಾಕಿದೆ. ಎಲ್ಲ ಸಿದ್ಧತೆ ಮಾಡಿದರೂ ಕ್ರಮವಾಗಿ ಓದುವ ವೇಗ 270 ಎಂಬಿ ದಾಟುವುದಿಲ್ಲ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ನಲ್ಲಿ 4 ಕೆಬಿಯನ್ನು ಒಂದೊಂದಾಗಿ ಓದುವ ಕೊನೆಯ ಸಾಲಿನಲ್ಲಂತೂ ಬರೀ 40 ಎಂಬಿ. ಡ್ರೈವ್ ವಾಪಸು ಕೊಡಲೇ?

ಉತ್ತರ: ಕೊಡಬೇಡಿ. ನಿಮ್ಮ ಲ್ಯಾಪ್‌ಟಾಪಿನ ಸಾಟಾ ಪೋರ್ಟ್ ಎರಡನೆಯ ತಲೆಮಾರಿನದಿರಬೇಕು, ಅಂದರೆ ಸೆಕೆಂಡಿಗೆ 3 ಗಿಗಾಬಿಟ್. ಸಾಟಾದಲ್ಲಿ ಒಂದು ಬೈಟ್ ಸಾಗಿಸಲು ಹತ್ತು ಬಿಟ್ ಖರ್ಚಾಗುವುದರಿಂದ ಅದರ ಮೇರೆ 300 ಎಂಬಿ, ಕೈಗೆ ಸಿಗುವುದು ಅದಕ್ಕಿಂತ ಸ್ವಲ್ಪ ಕಡಿಮೆ. ಡ್ರೈವ್ ಎಷ್ಟೇ ಚುರುಕಾಗಿದ್ದರೂ ದಾರಿ ಅಷ್ಟೇ ಅಗಲ. ಬಯಾಸ್‌ನಲ್ಲಿ ಪೋರ್ಟ್ ಎಎಚ್‌ಸಿಐ ಎಂಬ ಹೊಸ ಬಗೆಯ ಸ್ಥಿತಿಯಲ್ಲಿದೆಯೇ ಎಂದು ಮಾತ್ರ ಒಮ್ಮೆ ನೋಡಿ. ವಿಂಡೋಸ್ ಈಗಾಗಲೇ ಐಡಿಇ ಎಂಬ ಹಳೆಯ ಸ್ಥಿತಿಯಲ್ಲಿ ಸ್ಥಾಪನೆಯಾಗಿದ್ದರೆ, ತಯಾರಿಯಿಲ್ಲದೆ ಬದಲಿಸಿದಾಗ ಅದು ಶುರುವಾಗದೆ ಹೋಗಬಹುದು, ಎಚ್ಚರ.

ಕೊನೆಯ ಸಾಲಿನ 40 ಸಹಜವಾದದ್ದೇ. ಅಲ್ಲಿ ಒಂದು ಕೋರಿಕೆಗೆ ಉತ್ತರ ಬಂದ ಮೇಲೆಯೇ ಮುಂದಿನದು ಹೋಗುತ್ತದೆ. ಒಂದು ಉತ್ತರಕ್ಕೆ 100 ಮೈಕ್ರೋಸೆಕೆಂಡ್ ಹಿಡಿದರೆ ಸೆಕೆಂಡಿಗೆ 10,000 ಉತ್ತರಗಳು, ಪ್ರತಿಯೊಂದೂ 4 ಕೆಬಿಯಂತೆ ಸುಮಾರು 41 ಎಂಬಿ. ಇದೇ ಡ್ರೈವನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಕ್ರಮವಾಗಿ ಓದುವ ಅಂಕಿ 550ರ ಹತ್ತಿರಕ್ಕೆ ಬರುತ್ತದೆ, ಈ ಸಾಲು ಹೆಚ್ಚು ಕಡಿಮೆ ಇದ್ದಲ್ಲಿಯೇ ಇರುತ್ತದೆ.